ಅಪರಿಚಿತ ವಾಹನದ ಗುರುತು: ಗುದ್ದೋಡು ಅಪಘಾತ ಮತ್ತು ಡ್ಯಾಶ್‌ಕ್ಯಾಮ್ ಸಾಕ್ಷ್ಯ

ಬೆಂಗಳೂರಿನಿಂದ ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಹಾಸನಗಳ ಮಾರ್ಗವಾಗಿ ಮಂಗಳೂರನ್ನು ಸೇರುವ ರಾಷ್ಟ್ರೀಯ ಹೆದ್ದಾರಿ 75, ತುಮಕೂರು ಜಿಲ್ಲೆಯನ್ನು ಬಿಟ್ಟು ಮಂಡ್ಯ ಜಿಲ್ಲೆಯನ್ನು ಹೊಗುವ ಮೊದಲು ಕುಣಿಗಲ್ ತಾಲ್ಲೂಕನ್ನು ಹಾದುಹೋಗುತ್ತದೆ. ಬಂದರಿಗೆ ಸರಕು ಸಾಗಿಸುವ ಲಾರಿಗಳು, ರಾತ್ರಿ ಬಸ್ಸುಗಳು, ವಾರಾಂತ್ಯದ ಕಾರುಗಳು, ಯಡಿಯೂರು ಸಿದ್ಧಲಿಂಗೇಶ್ವರ ಕ್ಷೇತ್ರಕ್ಕೆ ನಡೆದೋ ವಾಹನದಲ್ಲೋ ಬರುವ ಭಕ್ತರು, ಹೊಲದಿಂದ ಮನೆಗೆ ಬೈಕಿನಲ್ಲಿ ರಸ್ತೆ ದಾಟುವ ರೈತರು, ಇವರೆಲ್ಲರೂ ಒಂದೇ ಹಾದಿಯನ್ನು ಹಂಚಿಕೊಳ್ಳುವ ಇಂಥ ಕಡೆಗಳಲ್ಲಿ ನಡೆಯುವ ಅಪಘಾತಗಳ ಪೈಕಿ ಕೆಲವು, ‘ಅಪರಿಚಿತ ವಾಹನ ಡಿಕ್ಕಿ’ ಎಂಬ ತಲೆಬರಹದಡಿ ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಮುಗಿದುಹೋಗುತ್ತವೆ. ಡಿಕ್ಕಿ ಹೊಡೆದ ವಾಹನ ನಿಲ್ಲದೆ ಪರಾರಿಯಾಗುವ ಈ ಬಗೆಯ ಅಪಘಾತವನ್ನು ಪತ್ರಿಕೆಗಳು ‘ಹಿಟ್ ಅಂಡ್ ರನ್’ ಎಂದೂ ‘ಗುದ್ದೋಡು’ ಎಂದೂ ಕರೆಯುತ್ತವೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2022ರ ವರದಿಯ ಪ್ರಕಾರ ಆ ವರ್ಷ ದೇಶದಲ್ಲಿ ಇಂಥ 67,387 ಅಪಘಾತಗಳು ನಡೆದು 30,486 ಮಂದಿ ಸಾವಿಗೀಡಾದರು. ಅಂದರೆ ರಸ್ತೆಯಲ್ಲಿ ಸತ್ತ ಪ್ರತಿ ನೂರು ಮಂದಿಯಲ್ಲಿ ಸುಮಾರು ಹದಿನೆಂಟು ಮಂದಿಯ ಸಾವಿಗೆ ಕಾರಣರಾದವರು ಸ್ಥಳದಲ್ಲಿ ನಿಲ್ಲಲಿಲ್ಲ.

ಕಳೆದ ಕೆಲವು ವರ್ಷಗಳಲ್ಲಿ ಈ ಚಿತ್ರಕ್ಕೆ ಹೊಸದೊಂದು ಅಂಶ ಸೇರಿದೆ. ಕಾರಿನ ಮುಂಗಾಜಿನ ಒಳಬದಿಗೆ ಅಂಟಿಸಿದ, ವಾಹನ ಚಾಲನೆಯಲ್ಲಿರುವಷ್ಟು ಹೊತ್ತು ಮುಂದಿನ ರಸ್ತೆಯನ್ನು ಚಿತ್ರೀಕರಿಸುತ್ತಲೇ ಇರುವ ಪುಟ್ಟ ಕ್ಯಾಮೆರಾ, ಅಂದರೆ ಡ್ಯಾಶ್‌ಕ್ಯಾಮ್, ಈಗ ಖಾಸಗಿ ಕಾರುಗಳಲ್ಲೂ ಬಾಡಿಗೆ ಟ್ಯಾಕ್ಸಿಗಳಲ್ಲೂ ಸಾಮಾನ್ಯವಾಗುತ್ತಿದೆ. ಅಪಘಾತದ ಸಮಯದಲ್ಲಿ ಹಿಂದೆ ಅಥವಾ ಎದುರಿನಿಂದ ಬರುತ್ತಿದ್ದ ಮತ್ತೊಬ್ಬ ಪ್ರಯಾಣಿಕನ ಬಳಿ, ಓಡಿಹೋದ ವಾಹನದ ನೋಂದಣಿ ಸಂಖ್ಯೆ ಅವನಿಗೇ ಅರಿವಿಲ್ಲದಂತೆ ದಾಖಲಾಗಿರಬಹುದು. ಆ ದಾಖಲೆ ಪೊಲೀಸ್ ಠಾಣೆಯನ್ನು ಸರಿಯಾದ ರೀತಿಯಲ್ಲಿ ಮುಟ್ಟುವುದೋ ಇಲ್ಲವೋ ಎಂಬುದರ ಮೇಲೆ ಒಬ್ಬ ಚಾಲಕನ ಶಿಕ್ಷೆ ಮಾತ್ರವಲ್ಲ, ಸತ್ತವನ ಕುಟುಂಬದ ಮುಂದಿನ ಬದುಕೂ ನಿಂತಿರುತ್ತದೆ.

ಗುರುತು ಸಿಕ್ಕರೆ ಏನು, ಸಿಗದಿದ್ದರೆ ಏನು

ಗುದ್ದೋಡು ಅಪಘಾತಕ್ಕೆ ಮೋಟಾರು ವಾಹನ ಕಾಯ್ದೆಯ 161ನೇ ಕಲಂ ಕೊಡುವ ಅರ್ಥ ಜನಬಳಕೆಯ ಅರ್ಥಕ್ಕಿಂತ ಕಿರಿದು. ಚಾಲಕ ಓಡಿಹೋದದ್ದಷ್ಟೇ ಸಾಲದು. ಸೂಕ್ತ ಪ್ರಯತ್ನ ಮಾಡಿದ ಮೇಲೂ ಯಾವ ವಾಹನವೆಂಬುದು ಪತ್ತೆಯಾಗದಿದ್ದರೆ ಮಾತ್ರ ಅದು ಆ ಕಲಮಿನ ವ್ಯಾಪ್ತಿಗೆ ಬರುತ್ತದೆ. ಅಂಥ ಪ್ರಕರಣಗಳಲ್ಲಿ ಮೃತರ ವಾರಸುದಾರರಿಗೆ 2 ಲಕ್ಷ ರೂಪಾಯಿ, ತೀವ್ರವಾಗಿ ಗಾಯಗೊಂಡವರಿಗೆ 50,000 ರೂಪಾಯಿ ನಿಗದಿತ ಪರಿಹಾರ ದೊರೆಯುತ್ತದೆ. 2022ರ ಏಪ್ರಿಲ್ 1ಕ್ಕೆ ಮೊದಲು ಈ ಮೊತ್ತಗಳು ಕ್ರಮವಾಗಿ 25,000 ಮತ್ತು 12,500 ರೂಪಾಯಿ ಮಾತ್ರವಾಗಿದ್ದವು.

ವಾಹನದ ಗುರುತು ಸಿಕ್ಕಿತೆಂದರೆ ಲೆಕ್ಕವೇ ಬದಲಾಗುತ್ತದೆ. ಆಗ ಕುಟುಂಬವು ಅದೇ ಕಾಯ್ದೆಯ 166ನೇ ಕಲಮಿನ ಪ್ರಕಾರ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದಾಗಿದ್ದು, ಅಲ್ಲಿ ಪರಿಹಾರಕ್ಕೆ ಮೇಲ್ಮಿತಿಯಿಲ್ಲ, ಮತ್ತು ವಾಹನಕ್ಕೆ ವಿಮೆಯಿದ್ದರೆ ಸಾಮಾನ್ಯವಾಗಿ ವಿಮಾ ಕಂಪನಿಯೇ ಹಣ ಕಟ್ಟಬೇಕಾಗುತ್ತದೆ. ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳಲ್ಲಿ ಇದನ್ನು ಲೆಕ್ಕಹಾಕುವ ಕ್ರಮವನ್ನು ನಿಗದಿಪಡಿಸಿದೆ. ಉದಾಹರಣೆಗೆ, ತಿಂಗಳಿಗೆ 15,000 ರೂಪಾಯಿ ದುಡಿಯುತ್ತಿದ್ದ, ನಾಲ್ವರು ಅವಲಂಬಿತರಿದ್ದ, 30 ವರ್ಷದ ಸ್ವಉದ್ಯೋಗಿಯೊಬ್ಬ ಮೃತಪಟ್ಟನೆಂದು ಭಾವಿಸಿದರೆ, ಮುಂದಿನ ದಿನಗಳಲ್ಲಿ ಹೆಚ್ಚಬಹುದಾಗಿದ್ದ ಆದಾಯಕ್ಕಾಗಿ ಶೇಕಡ 40ನ್ನು ಸೇರಿಸಿ, ಅವನ ಸ್ವಂತ ಖರ್ಚಿಗೆಂದು ಕಾಲು ಭಾಗವನ್ನು ಕಳೆದು, ಬಂದ 15,750 ರೂಪಾಯಿಯನ್ನು 12ರಿಂದಲೂ, ಆ ವಯಸ್ಸಿಗೆ ನಿಗದಿಯಾದ 17ರ ಗುಣಕದಿಂದಲೂ ಗುಣಿಸಬೇಕು. ಉತ್ತರ 32,13,000 ರೂಪಾಯಿ. ಅಂತ್ಯಸಂಸ್ಕಾರ ಮೊದಲಾದವುಗಳ ಮೊತ್ತ ಇದಕ್ಕೆ ಪ್ರತ್ಯೇಕ. ಒಂದೇ ಸಾವಿಗೆ, ನೋಂದಣಿ ಫಲಕದ ನಾಲ್ಕಾರು ಅಕ್ಷರಗಳು ತಿಳಿಯದಿದ್ದಾಗ 2 ಲಕ್ಷ, ತಿಳಿದಾಗ 30 ಲಕ್ಷಕ್ಕೂ ಮೇಲೆ. ಸಾಕ್ಷಿಯ ಬಳಿಯ ಕೆಲವು ಕ್ಷಣಗಳ ದೃಶ್ಯಕ್ಕಿರುವ ಬೆಲೆಯನ್ನು ಈ ವ್ಯತ್ಯಾಸದಿಂದಲೇ ಅಳೆಯಬೇಕಾಗುತ್ತದೆ.

ಓಡಿಹೋದ ಚಾಲಕನ ಹೊಣೆಯ ಬಗ್ಗೆಯೂ ಕಾನೂನು ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನಂತೆ ಅವನು ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳಬೇಕು ಮತ್ತು ಪೊಲೀಸರಿಗೆ ಮಾಹಿತಿ ನೀಡಬೇಕು. ಉದ್ರಿಕ್ತ ಗುಂಪಿನ ಭಯದಂಥ, ತನ್ನ ಕೈಮೀರಿದ ಕಾರಣವಿದ್ದರೆ ಸ್ಥಳದಲ್ಲಿ ನಿಂತು ನೆರವಾಗುವ ಹೊಣೆಯಿಂದ ಅವನಿಗೆ ವಿನಾಯಿತಿ ಉಂಟು. ಆದರೆ ಹತ್ತಿರದ ಠಾಣೆಗೆ ತಿಳಿಸುವ ಹೊಣೆ ಅದರಿಂದ ತಪ್ಪುವುದಿಲ್ಲ. ಇದನ್ನು ಮೀರಿದರೆ 187ನೇ ಕಲಮಿನಡಿ ಆರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದ್ದರೆ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಂ ಐದು ವರ್ಷದವರೆಗಿನ ಶಿಕ್ಷೆಯನ್ನು ವಿಧಿಸುತ್ತದೆ. ಸಾವಿಗೆ ಕಾರಣನಾಗಿ, ಯಾರಿಗೂ ತಿಳಿಸದೆ ಪರಾರಿಯಾದವನಿಗೆ ಹತ್ತು ವರ್ಷದವರೆಗೆ ಶಿಕ್ಷೆ ವಿಧಿಸುವ 106(2)ನೇ ಉಪಕಲಂ ಕೂಡ ಆ ಸಂಹಿತೆಯಲ್ಲಿದೆ. ಆದರೆ 2024ರ ಜನವರಿಯಲ್ಲಿ ಲಾರಿ ಚಾಲಕರು ದೇಶದಾದ್ಯಂತ ಮುಷ್ಕರ ಹೂಡಿದ ಹಿನ್ನೆಲೆಯಲ್ಲಿ, ಅದೇ ವರ್ಷದ ಜುಲೈ 1ರಂದು ಸಂಹಿತೆಯ ಉಳಿದ ಭಾಗ ಜಾರಿಗೆ ಬಂದಾಗ ಈ ಉಪಕಲಮನ್ನು ತಡೆಹಿಡಿಯಲಾಯಿತು.

ಮೊದಲ ಕೆಲವು ಗಂಟೆಗಳು

ಡ್ಯಾಶ್‌ಕ್ಯಾಮಿನ ದಾಖಲೆ ಶಾಶ್ವತವಲ್ಲ ಎಂಬುದನ್ನು ಬಹಳ ಮಂದಿ ಗಮನಿಸಿರುವುದಿಲ್ಲ. ಅದು ದೃಶ್ಯವನ್ನು ಒಂದು, ಮೂರು ಅಥವಾ ಐದು ನಿಮಿಷಗಳ ಚಿಕ್ಕ ಫೈಲುಗಳಾಗಿ ಮೆಮೊರಿ ಕಾರ್ಡಿನಲ್ಲಿ ಜೋಡಿಸುತ್ತ ಹೋಗಿ, ಕಾರ್ಡು ತುಂಬಿದೊಡನೆ ಅತ್ಯಂತ ಹಳೆಯ ಫೈಲನ್ನು ಅಳಿಸಿ ಅದರ ಜಾಗದಲ್ಲಿ ಹೊಸದನ್ನು ಬರೆಯುತ್ತದೆ. ಕಾರ್ಡಿನ ಗಾತ್ರ ಚಿಕ್ಕದಿದ್ದರೆ ಯಡಿಯೂರಿನ ಬಳಿ ಕಂಡದ್ದು ಮಂಗಳೂರು ತಲುಪುವಷ್ಟರಲ್ಲಿಯೇ ಅಳಿದುಹೋಗಬಹುದು. ಕುಲುಕಾಟವನ್ನು ಗ್ರಹಿಸುವ ಸಂವೇದಕವೊಂದು ಹಲವು ಕ್ಯಾಮೆರಾಗಳಲ್ಲಿದ್ದು, ಜೋರಾದ ಹೊಡೆತ ಬಿದ್ದಾಗ ಆ ಕ್ಷಣದ ಫೈಲನ್ನು ಅಳಿಯದಂತೆ ಅದು ಕಾಪಾಡುತ್ತದೆ. ಆದರೆ ಈ ವ್ಯವಸ್ಥೆ ಕೆಲಸಮಾಡುವುದು ಕ್ಯಾಮೆರಾ ಇರುವ ವಾಹನಕ್ಕೇ ಪೆಟ್ಟಾದಾಗ; ಮುಂದೆ ನಡೆದ ಬೇರೆಯವರ ಅಪಘಾತ ಅದರ ಗಮನಕ್ಕೆ ಬರುವುದಿಲ್ಲ. ಆದ್ದರಿಂದ ಕ್ಯಾಮೆರಾದಲ್ಲಿ ಫೈಲನ್ನು ಕಾಯ್ದಿರಿಸುವ ಗುಂಡಿಯಿದ್ದರೆ ಅದನ್ನು ಒತ್ತುವುದು, ಇಲ್ಲವಾದರೆ ವಾಹನವನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಕ್ಯಾಮೆರಾವನ್ನು ಆರಿಸಿ ಕಾರ್ಡನ್ನು ಹೊರತೆಗೆದಿಡುವುದು ಸಾಕ್ಷಿಯಾದವನು ಮಾಡಬೇಕಾದ ಮೊದಲ ತಾಂತ್ರಿಕ ಕೆಲಸ.

ಅದಕ್ಕೂ ಮೊದಲಿನದು ಮನುಷ್ಯ ಸಹಜವಾದ ಕೆಲಸ. ತುರ್ತು ಕರೆಯ 112 ಪೊಲೀಸರನ್ನೂ, 2008ರ ನವೆಂಬರ್ 1ರಂದು ರಾಜ್ಯದಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆ ಚಿಕಿತ್ಸೆಯನ್ನೂ, ಹೆದ್ದಾರಿ ಪ್ರಾಧಿಕಾರದ 1033 ಹೆದ್ದಾರಿ ಗಸ್ತು ವಾಹನವನ್ನೂ ಸ್ಥಳಕ್ಕೆ ಕರೆಸುತ್ತವೆ. ಓಡಿಹೋಗುತ್ತಿರುವ ವಾಹನವನ್ನು ಬೆನ್ನಟ್ಟುವುದು ಸಾಕ್ಷಿಯ ಕೆಲಸವಲ್ಲ, ಅದು ಮತ್ತೊಂದು ಅಪಘಾತಕ್ಕೆ ದಾರಿಮಾಡುವುದೇ ಹೆಚ್ಚು. ವಾಹನದ ಬಗೆ, ಬಣ್ಣ, ಹೋದ ದಿಕ್ಕು ಮತ್ತು ಕಂಡಷ್ಟು ಸಂಖ್ಯೆಯನ್ನು ಕೂಡಲೇ 112ಕ್ಕೆ ತಿಳಿಸಿದರೆ, ಮುಂದಿನ ಟೋಲ್ ಗೇಟು ಅಥವಾ ನಾಕಾಬಂದಿಯಲ್ಲಿ ಅದನ್ನು ತಡೆಯುವ ಅವಕಾಶ ಪೊಲೀಸರಿಗೆ ದೊರೆಯುತ್ತದೆ.

ಸ್ಥಳದ ವಿವರವನ್ನು ಹೇಳುವಾಗ ತುಮಕೂರು ಜಿಲ್ಲೆಯಲ್ಲಿ ಒಂದು ಎಚ್ಚರಿಕೆ ವಿಶೇಷವಾಗಿ ಬೇಕು. ಹೆದ್ದಾರಿಗಳ ಮರುಸಂಖ್ಯೀಕರಣಕ್ಕೆ ಮೊದಲು ಕುಣಿಗಲ್–ಯಡಿಯೂರು ಮಾರ್ಗವೇ 48 ಆಗಿತ್ತು. ಈಗ ಅದು 75. ಹಿಂದೆ 4 ಎಂದಿದ್ದ ತುಮಕೂರು–ಶಿರಾ ಮಾರ್ಗ ಈಗ 48. ಹಳೆಯ ಸಂಖ್ಯೆಯನ್ನೇ ರೂಢಿಸಿಕೊಂಡವರು ‘ನಲವತ್ತೆಂಟರಲ್ಲಿ ಅಪಘಾತ’ ಎಂದರೆ ಮಾಹಿತಿ ಜಿಲ್ಲೆಯ ಇನ್ನೊಂದು ತುದಿಗೆ ಹೋಗಬಹುದು. ಊರಿನ ಹೆಸರು, ಹತ್ತಿರದ ಕಿಲೋಮೀಟರ್ ಕಲ್ಲು, ಸೇತುವೆ ಅಥವಾ ಪೆಟ್ರೋಲ್ ಬಂಕು, ಮತ್ತು ಬೆಂಗಳೂರಿನ ಕಡೆಯ ಪಥವೋ ಹಾಸನದ ಕಡೆಯ ಪಥವೋ ಎಂಬ ವಿವರ, ಇವು ಹೆದ್ದಾರಿಯ ಸಂಖ್ಯೆಗಿಂತ ಹೆಚ್ಚು ಉಪಯುಕ್ತ.

ಯಾವ ಠಾಣೆ, ಯಾವ ರೂಪದಲ್ಲಿ

ಯಡಿಯೂರು ಸುತ್ತಲಿನ ಹೆದ್ದಾರಿಯ ಭಾಗ ಅಮೃತೂರು ಪೊಲೀಸ್ ಠಾಣೆಯ ವ್ಯಾಪ್ತಿಗೆ ಸೇರುತ್ತದೆ. ಬೆಂಗಳೂರಿನ ದಿಕ್ಕಿಗೆ ಸಾಗಿದರೆ ಕುಣಿಗಲ್ ಠಾಣೆಯ ಸರಹದ್ದು ಬರುತ್ತದೆ, ಹಾಸನದ ದಿಕ್ಕಿಗೆ ಸಾಗಿದರೆ ಜಿಲ್ಲೆಯೇ ಬದಲಾಗಿ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಬರುತ್ತದೆ. ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಈ ಗಡಿಗಳು ತಿಳಿಯುವುದಿಲ್ಲ, ತಿಳಿದಿರಬೇಕೆಂದು ಕಾನೂನೂ ನಿರೀಕ್ಷಿಸುವುದಿಲ್ಲ. ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಗೆ ಮಾಹಿತಿ ಬಂದರೂ ಅದನ್ನು ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ವರ್ಗಾಯಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. ಹೀಗೆ ವ್ಯಾಪ್ತಿಯನ್ನು ಲೆಕ್ಕಿಸದೆ ದಾಖಲಾಗುವ ಪ್ರಥಮ ವರ್ತಮಾನ ವರದಿಗೆ ‘ಜೀರೋ ಎಫ್‌ಐಆರ್’ ಎಂದು ಹೆಸರು. ಮಾಹಿತಿಯನ್ನು ಇಮೇಲ್‌ನಂಥ ವಿದ್ಯುನ್ಮಾನ ರೂಪದಲ್ಲಿಯೂ ಕಳುಹಿಸಬಹುದು. ಆದರೆ ಕಳುಹಿಸಿದವನು ಮೂರು ದಿನಗಳೊಳಗೆ ಅದಕ್ಕೆ ಸಹಿ ಹಾಕಿದರೆ ಮಾತ್ರ ಅದನ್ನು ವಿಧಿವತ್ತಾಗಿ ದಾಖಲೆಗೆ ತೆಗೆದುಕೊಳ್ಳಲಾಗುತ್ತದೆ.

ಸಾಕ್ಷಿ ಠಾಣೆ ತಲುಪುವ ವೇಳೆಗೆ ಮೃತರ ಅಥವಾ ಗಾಯಾಳುವಿನ ಕಡೆಯವರು ದೂರು ಕೊಟ್ಟಿರುವ ಸಂಭವವೇ ಹೆಚ್ಚು. ಆಗ ಅದೇ ಘಟನೆಗೆ ಎರಡನೆಯ ಎಫ್‌ಐಆರ್ ಬೇಕಾಗುವುದಿಲ್ಲ. ಮೊದಲಿನ ಪ್ರಕರಣದ ಅಪರಾಧ ಸಂಖ್ಯೆಯನ್ನು ಕೇಳಿ ತಿಳಿದುಕೊಂಡು, ಆ ಪ್ರಕರಣದ ತನಿಖಾಧಿಕಾರಿಯ ಮುಂದೆ ಸಾಕ್ಷಿಯಾಗಿ ಹೇಳಿಕೆ ನೀಡಿದರೆ ಸಾಕು. ಬರೆದುಕೊಡುವ ಮನವಿಯಲ್ಲಿ ದಿನಾಂಕ, ಸಮಯ, ಸ್ಥಳ, ಪ್ರಯಾಣದ ದಿಕ್ಕು, ಕಣ್ಣಾರೆ ಕಂಡದ್ದು, ಕ್ಯಾಮೆರಾದ ತಯಾರಿಕೆ ಮತ್ತು ಮಾದರಿ, ಫೈಲಿನ ಹೆಸರು, ದೃಶ್ಯ ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಇದೆ ಎಂಬುದು ಇರಬೇಕು. ಕಣ್ಣಿಗೆ ಬಿದ್ದದ್ದನ್ನೂ ಆಮೇಲೆ ವೀಡಿಯೊದಲ್ಲಿ ಗಮನಿಸಿದ್ದನ್ನೂ ಬೇರೆಬೇರೆಯಾಗಿ ಹೇಳುವುದು ಅವಶ್ಯ, ಏಕೆಂದರೆ ಮುಂದೆ ಪಾಟೀಸವಾಲಿನಲ್ಲಿ ಆರೋಪಿಯ ವಕೀಲರು ಮೊದಲು ಕೆದಕುವುದೇ ಈ ಎರಡರ ನಡುವಿನ ಗೊಂದಲವನ್ನು. ಕ್ಯಾಮೆರಾದ ಗಡಿಯಾರ ಹಿಂದೆ ಅಥವಾ ಮುಂದೆ ಇದ್ದರೆ ಅದನ್ನು ಸರಿಪಡಿಸಲು ಹೋಗದೆ, ನಿಜವಾದ ಸಮಯಕ್ಕೂ ಅದಕ್ಕೂ ಎಷ್ಟು ನಿಮಿಷ ವ್ಯತ್ಯಾಸವಿದೆ ಎಂದು ಮನವಿಯಲ್ಲೇ ನಮೂದಿಸಬೇಕು.

ಸಂಖ್ಯೆ ಪೂರ್ತಿ ಓದಲಾಗದಿದ್ದರೆ ದೃಶ್ಯ ನಿಷ್ಪ್ರಯೋಜಕವೆಂದು ಭಾವಿಸುವುದು ತಪ್ಪು. ನೋಂದಣಿ ಸಂಖ್ಯೆಯ ಒಂದೊಂದು ಭಾಗವೂ ಹುಡುಕಾಟದ ವ್ಯಾಪ್ತಿಯನ್ನು ಕಿರಿದುಗೊಳಿಸುತ್ತದೆ: ಕೆಎ 06 ತುಮಕೂರಿನದು, ಕೆಎ 44 ತಿಪಟೂರಿನದು, ಕೆಎ 64 ಮಧುಗಿರಿಯದು, ಕೆಎ 13 ಹಾಸನದ್ದು, ಕೆಎ 54 ನಾಗಮಂಗಲದ್ದು. ಕೊನೆಯ ನಾಲ್ಕು ಅಂಕಿಗಳ ಜೊತೆಗೆ ವಾಹನದ ಬಗೆ ಮತ್ತು ಬಣ್ಣ ತಿಳಿದರೂ ‘ವಾಹನ್’ ಎಂಬ ರಾಷ್ಟ್ರೀಯ ನೋಂದಣಿ ದತ್ತಾಂಶದ ನೆರವಿನಿಂದ ಪೊಲೀಸರು ಪಟ್ಟಿಯನ್ನು ಬೆರಳೆಣಿಕೆಗೆ ಇಳಿಸಿಕೊಳ್ಳಬಲ್ಲರು. ಲಾರಿಯ ಹಿಂಬದಿಯ ಬರಹ, ಒಡೆದ ದೀಪ, ಟಾರ್ಪಾಲಿನ ಬಣ್ಣ ಇವು ಟೋಲ್ ಗೇಟಿನ ಕ್ಯಾಮೆರಾ ದೃಶ್ಯ ಮತ್ತು ಫಾಸ್ಟ್ಯಾಗ್ ದಾಖಲೆಗಳೊಂದಿಗೆ ಹೊಂದಿಸಿ ನೋಡಲು ನೆರವಾಗುತ್ತವೆ.

ಸುಳಿವು ಸಾಕ್ಷ್ಯವಾಗುವ ಹಾದಿ

ವೀಡಿಯೊ ಒಂದು ತನಿಖೆಗೆ ಎರಡು ರೀತಿಯಲ್ಲಿ ಒದಗುತ್ತದೆ: ಒಂದು ಸುಳಿವಾಗಿ, ಇನ್ನೊಂದು ಸಾಕ್ಷ್ಯವಾಗಿ. ಹೆಸರಿಲ್ಲದ ವ್ಯಕ್ತಿ ಕಳುಹಿಸಿದ ಮಸುಕಾದ ತುಣುಕೂ ಸುಳಿವಾಗಬಲ್ಲದು, ಅದರ ಬೆನ್ನುಹತ್ತಿ ಪೊಲೀಸರು ವಾಹನವನ್ನು ಹಿಡಿಯಬಹುದು. ಆದರೆ ನ್ಯಾಯಾಲಯ ಅದನ್ನು ಸಾಕ್ಷ್ಯವೆಂದು ಒಪ್ಪಬೇಕಾದರೆ ಅದು ಎಲ್ಲಿ ಹುಟ್ಟಿತು, ಯಾರ ವಶದಲ್ಲಿತ್ತು, ಬದಲಾಗಿಲ್ಲವೆಂಬುದಕ್ಕೆ ಖಾತರಿ ಏನು ಎಂಬ ಪ್ರಶ್ನೆಗಳಿಗೆ ಉತ್ತರ ಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 61ನೇ ಕಲಂ ವಿದ್ಯುನ್ಮಾನ ದಾಖಲೆಗೆ ಕಾಗದದ ದಾಖಲೆಯಷ್ಟೇ ಕಾನೂನುಬಲವನ್ನು ಕೊಟ್ಟಿದೆ, 63ನೇ ಕಲಂ ಅದಕ್ಕೆ ಜೊತೆಯಾಗಿರಬೇಕಾದ ಪ್ರಮಾಣಪತ್ರವನ್ನು ವಿವರಿಸುತ್ತದೆ. ಈ ಪ್ರಮಾಣಪತ್ರಕ್ಕೆ ಎರಡು ಭಾಗಗಳಿದ್ದು, ‘ಎ’ ಭಾಗವನ್ನು ಸಾಧನ ಯಾರ ಹತೋಟಿಯಲ್ಲಿತ್ತೋ ಅವರು, ‘ಬಿ’ ಭಾಗವನ್ನು ಪರಿಣತರು ತುಂಬಬೇಕು. ಎರಡರಲ್ಲೂ ಫೈಲಿನ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು.

ಹ್ಯಾಶ್ ಮೌಲ್ಯವೆಂದರೆ ಫೈಲಿನಲ್ಲಿರುವ ಇಡೀ ದತ್ತಾಂಶವನ್ನು ಗಣಿತಸೂತ್ರವೊಂದರ ಮೂಲಕ ಹಾಯಿಸಿದಾಗ ಸಿಗುವ ಅಕ್ಷರ-ಅಂಕಿಗಳ ಸಾಲು. ಬಳಕೆಯಲ್ಲಿರುವ ಎಸ್‌ಎಚ್‌ಎ-256 ಸೂತ್ರದಲ್ಲಿ ಅದರ ಉದ್ದ 64 ಅಕ್ಷರ. ಮನುಷ್ಯನಿಗೆ ಬೆರಳಚ್ಚು ಹೇಗೋ ಫೈಲಿಗೆ ಇದು ಹಾಗೆ: ವೀಡಿಯೊದ ಒಂದೇ ಒಂದು ಚುಕ್ಕೆ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಸಾಕ್ಷಿಯು ಕೊಟ್ಟ ದಿನ ತೆಗೆದ ಮೌಲ್ಯವೂ ವಿಧಿವಿಜ್ಞಾನ ಪ್ರಯೋಗಾಲಯದಲ್ಲೋ ನ್ಯಾಯಾಲಯದಲ್ಲೋ ತೆಗೆದ ಮೌಲ್ಯವೂ ಒಂದೇ ಆಗಿದ್ದರೆ ನಡುವೆ ಯಾರೂ ಫೈಲನ್ನು ಮುಟ್ಟಿಲ್ಲವೆಂದು ಸಿದ್ಧವಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ವೀಡಿಯೊವಾಗಿ ಕಳುಹಿಸಿದ ಪ್ರತಿ ಸಾಕ್ಷ್ಯಕ್ಕೆ ಯೋಗ್ಯವಲ್ಲವೆನ್ನುವುದಕ್ಕೆ ಕಾರಣವೂ ಇದೇ. ಆ ತಂತ್ರಾಂಶ ವೀಡಿಯೊವನ್ನು ಕುಗ್ಗಿಸಿ ಹೊಸ ಫೈಲನ್ನೇ ರಚಿಸುವುದರಿಂದ ಸ್ಪಷ್ಟತೆಯೂ ಮೂಲದ ವಿವರಗಳೂ ಕಳೆದುಹೋಗುತ್ತವೆ. ನೋಂದಣಿ ಫಲಕ ಸ್ಪಷ್ಟವಾಗಿ ಕಾಣಲೆಂದು ಬೆಳಕನ್ನು ಹೆಚ್ಚಿಸುವುದು, ಬೇಡದ ಭಾಗವನ್ನು ಕತ್ತರಿಸುವುದು, ಬಾಣದ ಗುರುತು ಹಾಕುವುದು ಇವೆಲ್ಲ ಸದುದ್ದೇಶದಿಂದಲೇ ಮಾಡಿದ್ದರೂ ಮೂಲ ಫೈಲಿನ ಮೇಲೆ ಮಾಡಿದರೆ ಕೇಡು.

ಹೀಗಾಗಿ ಮೂಲ ಮೆಮೊರಿ ಕಾರ್ಡನ್ನೇ ಒಪ್ಪಿಸುವುದು ಎಲ್ಲಕ್ಕಿಂತ ಒಳ್ಳೆಯದು. ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದ 2020ರ ಜುಲೈ 14ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮೂಲ ಸಾಧನವನ್ನೇ ಅದರ ಒಡೆಯ ನ್ಯಾಯಾಲಯಕ್ಕೆ ತಂದು ಅದು ತನ್ನದೆಂದು ಸಾಕ್ಷಿ ಹೇಳಿದರೆ ಪ್ರಮಾಣಪತ್ರದ ಅಗತ್ಯವಿಲ್ಲ, ಪ್ರತಿಯನ್ನು ಹಾಜರುಪಡಿಸಿದರೆ ಮಾತ್ರ ಅದು ಕಡ್ಡಾಯ ಎಂದು ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮನ್ನು ವಿವರಿಸುತ್ತ ಹೇಳಿತ್ತು. ಪೊಲೀಸರು ಕಾರ್ಡನ್ನು ವಶಕ್ಕೆ ಪಡೆಯುವಾಗ ಪಂಚರ, ಅಂದರೆ ಸ್ವತಂತ್ರ ಸಾಕ್ಷಿಗಳ, ಸಮಕ್ಷಮ ಮಹಜರು ಬರೆದು, ವಸ್ತುವನ್ನು ಲಕೋಟೆಯಲ್ಲಿಟ್ಟು ಮೊಹರು ಮಾಡುತ್ತಾರೆ. ಒಪ್ಪಿಸುವ ಮೊದಲು ತನಗಾಗಿ ಒಂದು ಪೂರ್ಣ ಪ್ರತಿಯನ್ನು ಕಂಪ್ಯೂಟರಿಗೆ ನಕಲು ಮಾಡಿಟ್ಟುಕೊಳ್ಳುವುದು, ಒಪ್ಪಿಸಿದ ಮೇಲೆ ಸ್ವೀಕೃತಿಯನ್ನು ಕೇಳಿ ಪಡೆಯುವುದು, ಮತ್ತು ಆ ಸ್ವೀಕೃತಿಯಲ್ಲಿ ಅಪರಾಧ ಸಂಖ್ಯೆ, ಕಾರ್ಡಿನ ವಿವರ, ದಿನಾಂಕಗಳಿವೆಯೇ ಎಂದು ನೋಡುವುದು ಸಾಕ್ಷಿಗೆ ಕ್ಷೇಮಕರ.

ದೃಶ್ಯಕ್ಕೂ ಅದರದೇ ಮಿತಿಗಳಿವೆ. ಅದು ವಾಹನವನ್ನು ತೋರಿಸುತ್ತದೆ, ಸ್ಟಿಯರಿಂಗ್ ಹಿಡಿದವನನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ಅದಕ್ಕಾಗಿ ಪೊಲೀಸರು ಮೋಟಾರು ವಾಹನ ಕಾಯ್ದೆಯ 133ನೇ ಕಲಮಿನಡಿ, ಆ ಸಮಯದಲ್ಲಿ ಚಾಲಕನಾಗಿದ್ದವನು ಯಾರೆಂದು ತಿಳಿಸುವಂತೆ ಮಾಲೀಕನಿಗೆ ನೋಟಿಸು ನೀಡುತ್ತಾರೆ. ಮೋಟಾರು ವಾಹನ ನಿರೀಕ್ಷಕರ ತಪಾಸಣಾ ವರದಿ, ಸ್ಥಳದಲ್ಲಿ ಬಿದ್ದ ಗಾಜು ಮತ್ತು ಬಣ್ಣದ ಚೂರುಗಳ ಪರೀಕ್ಷೆ, ಮೊಬೈಲ್ ಕರೆಗಳ ವಿವರ ಇವೆಲ್ಲ ಸೇರಿದ ಮೇಲೆಯೇ ದೋಷಾರೋಪ ಪಟ್ಟಿ ಸಿದ್ಧವಾಗುತ್ತದೆ. ದೃಶ್ಯವು ಆರೋಪದ ಸ್ವರೂಪವನ್ನೇ ಬದಲಿಸುವುದೂ ಉಂಟು. 2025ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಬೈಕಿನಲ್ಲಿ ಹೋಗುತ್ತಿದ್ದ ಡೆಲಿವರಿ ಕೆಲಸಗಾರನೊಬ್ಬ ಮೃತಪಟ್ಟ ಪ್ರಕರಣ ಮೊದಲು ಸಂಚಾರ ಠಾಣೆಯಲ್ಲಿ ಅಪಘಾತವೆಂದೇ ದಾಖಲಾಗಿತ್ತು; ಕಾರು ಬೈಕನ್ನು ಬೆನ್ನಟ್ಟಿದ್ದು ಸಿಸಿಟಿವಿ ದೃಶ್ಯಗಳಲ್ಲಿ ಕಂಡುಬಂದ ಮೇಲೆ ಅದು ಕೊಲೆ ಆರೋಪದ ಪ್ರಕರಣವಾಯಿತು. ಅದೇ ರೀತಿ, ತಪ್ಪು ಪಾದಚಾರಿಯದೇ ಎಂದು ತೋರಿಸಿ ಚಾಲಕನ ಹೊಣೆಯನ್ನು ಹಗುರಗೊಳಿಸುವ ದೃಶ್ಯಗಳೂ ಇರುತ್ತವೆ. ಆದ್ದರಿಂದ ಯಾರ ಪರವಾಗಿದೆ ಎಂದು ನೋಡದೆ ಇಡೀ ದಾಖಲೆಯನ್ನು ಒಪ್ಪಿಸುವುದೇ ಸಾಕ್ಷಿಯ ಧರ್ಮ.

ಸಾಕ್ಷಿಯ ಭಯ ಮತ್ತು ರಕ್ಷಣೆ

‘ಕೋರ್ಟು-ಕಚೇರಿ ಅಲೆಯುವುದು ಯಾರಿಗೆ ಬೇಕು’ ಎಂಬ ಮಾತು ಈ ವಿಷಯದಲ್ಲಿ ಬಹಳ ಹಳೆಯದು, ಅದರ ಹಿಂದೆ ಅನುಭವವೂ ಇದೆ. ಗುಬ್ಬಿ ತಾಲ್ಲೂಕಿನ ಯುವಕ ಹರೀಶ್ 2016ರ ಫೆಬ್ರುವರಿ 16ರಂದು ಬೈಕಿನಲ್ಲಿ ಬೆಂಗಳೂರಿಗೆ ಮರಳುವಾಗ ನೆಲಮಂಗಲದ ಬಳಿ ಲಾರಿಗೆ ಸಿಲುಕಿ, ದೇಹ ಎರಡು ತುಂಡಾದ ಸ್ಥಿತಿಯಲ್ಲೂ ತನ್ನ ಅಂಗಾಂಗಗಳನ್ನು ದಾನ ಮಾಡುವಂತೆ ಕೇಳಿಕೊಂಡು ಪ್ರಾಣಬಿಟ್ಟದ್ದು ನಾಡಿಗೆ ನಾಡೇ ಕಂಡ ದುರಂತ. ಅವನ ಕಣ್ಣುಗಳನ್ನು ದಾನವಾಗಿ ಪಡೆಯಲಾಯಿತು. ನೆರವಿಗಾಗಿ ಅವನು ಕೂಗುತ್ತಿದ್ದುದನ್ನು ಮೊಬೈಲಿನಲ್ಲಿ ಸೆರೆಹಿಡಿದ ದೃಶ್ಯ ಎಲ್ಲೆಡೆ ಹರಿದಾಡಿತು. ಅಪಘಾತದ ನಂತರದ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ನೀಡುವ ‘ಮುಖ್ಯಮಂತ್ರಿ ಸಾಂತ್ವನ–ಹರೀಶ್ ಯೋಜನೆ’ಯನ್ನು ಅದೇ ವರ್ಷದ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಆರಂಭಿಸಿತು. ದೃಶ್ಯ ಸೆರೆಹಿಡಿಯುವುದೂ ನೆರವಾಗುವುದೂ ಒಂದೇ ಅಲ್ಲವೆಂಬುದು ಆ ಘಟನೆಯಿಂದ ಎಲ್ಲರಿಗೂ ಮನವರಿಕೆಯಾಯಿತು. ಡ್ಯಾಶ್‌ಕ್ಯಾಮ್ ದೃಶ್ಯವನ್ನು ಠಾಣೆಗೆ ಕೊಡುವ ಮೊದಲೇ ಸಾಮಾಜಿಕ ಜಾಲತಾಣಕ್ಕೆ ಏರಿಸುವವರಿಗೂ ಇದು ಅನ್ವಯಿಸುತ್ತದೆ: ಸತ್ತವನ ಮನೆಯವರು ಆ ದೃಶ್ಯವನ್ನು ಮೊದಲು ಮೊಬೈಲಿನಲ್ಲಿ ಕಾಣುವಂತಾಗುತ್ತದೆ, ತಪ್ಪಿಸಿಕೊಂಡ ಚಾಲಕನಿಗೆ ವಾಹನವನ್ನು ಗ್ಯಾರೇಜಿಗೆ ಬಿಟ್ಟು ಗುರುತು ಅಳಿಸಲು ಎಚ್ಚರಿಕೆ ಕೊಟ್ಟಂತೆಯೂ ಆಗುತ್ತದೆ.

ನೆರವಾದವರನ್ನು ಕಾನೂನಿನ ಕಿರುಕುಳದಿಂದ ಕಾಪಾಡುವ ವ್ಯವಸ್ಥೆ ರೂಪುಗೊಂಡದ್ದೂ ಅದೇ ಕಾಲದಲ್ಲಿ. ಸೇವ್‌ಲೈಫ್ ಫೌಂಡೇಶನ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ಮಾರ್ಚ್ 30ರಂದು ಕೇಂದ್ರದ ಮಾರ್ಗಸೂಚಿಗಳಿಗೆ ಕಾನೂನುಬಲ ಕೊಟ್ಟಿತು. ಕರ್ನಾಟಕವು ಇದಕ್ಕಾಗಿ ಪ್ರತ್ಯೇಕ ಕಾಯ್ದೆ ಮಾಡಿದ ಮೊದಲ ರಾಜ್ಯವಾಯಿತು. 2016ರಲ್ಲಿ ವಿಧಾನಮಂಡಲ ಒಪ್ಪಿದ ಆ ಮಸೂದೆಗೆ 2018ರಲ್ಲಿ ರಾಷ್ಟ್ರಪತಿಯವರ ಅಂಕಿತ ದೊರೆಯಿತು. ಅಪಘಾತದ ಸ್ಥಳದಲ್ಲಿ ಯಾವ ಪ್ರತಿಫಲವನ್ನೂ ಬಯಸದೆ ಸದುದ್ದೇಶದಿಂದ ಗಾಯಾಳುವಿಗೆ ನೆರವಾಗುವ ವ್ಯಕ್ತಿಯನ್ನು ಈ ಕಾನೂನುಗಳು ‘ಗುಡ್ ಸಮಾರಿಟನ್’, ಅಂದರೆ ಆಪದ್ಬಾಂಧವ ಎಂದು ಗುರುತಿಸುತ್ತವೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ಮತ್ತು 2020ರ ನಿಯಮಗಳ ಪ್ರಕಾರ ಅಂಥವನ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಪೊಲೀಸರು ಬಲವಂತದಿಂದ ಕೇಳುವಂತಿಲ್ಲ. ಅವನು ತಾನಾಗಿ ಸಾಕ್ಷಿಯಾಗಲು ಒಪ್ಪಿದರೆ ಅವನಿಗೆ ಅನುಕೂಲವಾದ ಸ್ಥಳದಲ್ಲಿ, ಮನೆಯಲ್ಲೋ ಕೆಲಸದ ಜಾಗದಲ್ಲೋ, ಸಮವಸ್ತ್ರ ಧರಿಸದ ಅಧಿಕಾರಿ ಬಂದು ವಿಚಾರಿಸಬೇಕು, ಮತ್ತು ಒಂದೇ ಬಾರಿಗೆ ಪೂರ್ಣ ಹೇಳಿಕೆಯನ್ನು ಪಡೆದು ಮುಗಿಸಬೇಕು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಈ ವಿಶೇಷ ರಕ್ಷಣೆ ನೆರವಾದವನಿಗೆ ಮೀಸಲು. ನಿಲ್ಲದೆ ಮುಂದೆ ಹೋಗಿ, ಊರು ಸೇರಿದ ಮೇಲೆ ಕ್ಯಾಮೆರಾ ನೋಡಿ ವಿಷಯ ತಿಳಿದುಕೊಂಡವನು ಕಾನೂನಿನ ದೃಷ್ಟಿಯಲ್ಲಿ ಸಾಮಾನ್ಯ ಸಾಕ್ಷಿ. ಅವನಿಗೆ ಅನ್ವಯಿಸುವುದು ನಾಗರಿಕ ಸುರಕ್ಷಾ ಸಂಹಿತೆಯ 179 ಮತ್ತು 180ನೇ ಕಲಮುಗಳು. ಅವುಗಳ ಪ್ರಕಾರ ತನಿಖಾಧಿಕಾರಿ ತನ್ನ ಅಥವಾ ಪಕ್ಕದ ಠಾಣೆಯ ವ್ಯಾಪ್ತಿಯಲ್ಲಿರುವ ಸಾಕ್ಷಿಯನ್ನು ಲಿಖಿತ ಆದೇಶದ ಮೂಲಕ ಕರೆಸಬಹುದು. ಮಹಿಳೆಯರು, 60 ವರ್ಷ ದಾಟಿದವರು, 15ಕ್ಕಿಂತ ಕಿರಿಯರು, ಅಂಗವಿಕಲರು ಮತ್ತು ತೀವ್ರ ಅಸ್ವಸ್ಥರ ಹೇಳಿಕೆಯನ್ನು ಅವರ ಮನೆಗೇ ಹೋಗಿ ಪಡೆಯಬೇಕು. ಪೊಲೀಸರಿಗೆ ಕೊಟ್ಟ ಈ ಹೇಳಿಕೆಗೆ ಸಹಿ ಹಾಕಬೇಕಾಗಿಲ್ಲ. ಹೆಸರನ್ನು ಗೋಪ್ಯವಾಗಿಡುವ ಹಕ್ಕಿಗೂ ಸಾಕ್ಷ್ಯದ ಬಲಕ್ಕೂ ಇರುವ ಸಂಬಂಧವನ್ನು ಎರಡೂ ಬಗೆಯವರು ಅರಿತಿರಬೇಕು: ಹೆಸರು ಹೇಳದೆ ಕೊಟ್ಟ ವೀಡಿಯೊ ಸುಳಿವಾಗಿ ಉಳಿಯುತ್ತದೆ, ಒಬ್ಬ ಮನುಷ್ಯ ಅದರ ಬೆನ್ನಿಗೆ ನಿಂತು ‘ಇದು ನನ್ನ ಕ್ಯಾಮೆರಾ, ಇದು ಆ ದಿನದ ದೃಶ್ಯ’ ಎಂದಾಗ ಮಾತ್ರ ಅದು ನ್ಯಾಯಾಲಯದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಆ ನಿಲುವಿಗೆ ಬೆಲೆಯಾಗಿ ಮುಂದೊಂದು ದಿನ ಸಮನ್ಸ್ ಬಂದು ಕುಣಿಗಲ್ಲಿನ ನ್ಯಾಯಾಲಯಕ್ಕೆ ಹೋಗಬೇಕಾಗಬಹುದು. ನಾಗರಿಕ ಸುರಕ್ಷಾ ಸಂಹಿತೆಯ 530ನೇ ಕಲಂ ವಿಚಾರಣೆಯನ್ನು ವಿದ್ಯುನ್ಮಾನ ಸಂಪರ್ಕದ ಮೂಲಕ ನಡೆಸಲು ಅವಕಾಶ ಕೊಟ್ಟಿರುವುದರಿಂದ ದೂರದ ಸಾಕ್ಷಿಗಳ ಹೊರೆ ಕೆಲಮಟ್ಟಿಗೆ ಇಳಿಯಬಹುದು.

ತಡವಾದರೂ ವ್ಯರ್ಥವಲ್ಲ

ವಾಹನ ಸಿಗದೆ ತನಿಖೆ ನಿಂತಾಗ ಪೊಲೀಸರು ಪತ್ತೆಯಾಗದ ಪ್ರಕರಣವೆಂದು ನ್ಯಾಯಾಲಯಕ್ಕೆ ‘ಸಿ’ ವರದಿ ಸಲ್ಲಿಸುತ್ತಾರೆ. ಇಂಥ ಸಂದರ್ಭದಲ್ಲಿ ಕುಟುಂಬಗಳಿಗೆ 161ನೇ ಕಲಮಿನ ಪರಿಹಾರವಿರುವುದೇ ತಿಳಿಯದೆ ಹೋಗುತ್ತಿದ್ದುದನ್ನು ಗಮನಿಸಿದ ಸುಪ್ರೀಂ ಕೋರ್ಟ್, ಎಸ್. ರಾಜಸೀಕರನ್ ಪ್ರಕರಣದಲ್ಲಿ 2024ರ ಜನವರಿ 12ರಂದು ಒಂದು ನಿರ್ದೇಶನ ನೀಡಿತು. ಎಫ್‌ಐಆರ್ ದಾಖಲಾಗಿ ಒಂದು ತಿಂಗಳಾದರೂ ವಾಹನ ಪತ್ತೆಯಾಗದಿದ್ದರೆ, ಗಾಯಾಳುವಿಗೆ ಅಥವಾ ಮೃತರ ವಾರಸುದಾರರಿಗೆ ಈ ಯೋಜನೆಯ ಬಗ್ಗೆ ಠಾಣಾಧಿಕಾರಿಯೇ ಲಿಖಿತವಾಗಿ ತಿಳಿಸಿ, ಅರ್ಜಿ ಸ್ವೀಕರಿಸುವ ಕಂದಾಯ ಅಧಿಕಾರಿಯ ವಿವರವನ್ನೂ ಕೊಡಬೇಕು. ಆ ಅಧಿಕಾರಿ ಅರ್ಜಿಯನ್ನು ಪರಿಶೀಲಿಸಿ ವರದಿ ಮಾಡಿದ ಮೇಲೆ ಜಿಲ್ಲಾಧಿಕಾರಿ ಮಂಜೂರಾತಿ ನೀಡುತ್ತಾರೆ.

ಈ ಎರಡು ಲಕ್ಷ ರೂಪಾಯಿ ಕೈಸೇರಿದರೂ ಪ್ರಕರಣದ ಬಾಗಿಲು ಮುಚ್ಚುವುದಿಲ್ಲ. ಮುಂದೆ ವಾಹನ ಪತ್ತೆಯಾಗಿ ನ್ಯಾಯಮಂಡಳಿ ಪರಿಹಾರ ಘೋಷಿಸಿದರೆ ಮೊದಲು ಪಡೆದ ಮೊತ್ತವನ್ನು ಅದರಿಂದ ಹಿಂದಿರುಗಿಸಬೇಕೆಂದು ಕಾಯ್ದೆಯೇ ಹೇಳಿರುವುದರಿಂದ, ತಡವಾಗಿ ಸಿಗುವ ಗುರುತನ್ನು ಕಾನೂನು ಮೊದಲೇ ನಿರೀಕ್ಷಿಸಿದೆ. ಅಂತಿಮ ವರದಿ ಸಲ್ಲಿಸಿದ ಮೇಲೂ ಹೊಸ ಸಾಕ್ಷ್ಯ ಸಿಕ್ಕರೆ ಮುಂದುವರಿದ ತನಿಖೆ ನಡೆಸಲು ನಾಗರಿಕ ಸುರಕ್ಷಾ ಸಂಹಿತೆಯ 193(9)ನೇ ಉಪಕಲಂ ಅವಕಾಶ ಕೊಡುತ್ತದೆ. ಆದ್ದರಿಂದ ಯಡಿಯೂರು ದಾಟಿಯೋ ಗುಬ್ಬಿಯ ಬಿ.ಎಚ್. ರಸ್ತೆಯಲ್ಲೋ ಹೋದ ದಿನದ ಹಳೆಯ ದೃಶ್ಯವೊಂದು ವಾರಗಳ ನಂತರ ಲ್ಯಾಪ್‌ಟಾಪಿನ ಮೂಲೆಯಲ್ಲಿ ಸಿಕ್ಕರೂ, ಅದನ್ನು ‘ಇನ್ನೇನು ಪ್ರಯೋಜನ’ ಎಂದು ಅಳಿಸದೆ ಆಯಾ ಠಾಣೆಗೆ ಅಥವಾ ಹತ್ತಿರದ ಯಾವುದೇ ಠಾಣೆಗೆ ಮೂಲ ರೂಪದಲ್ಲೇ ತಲುಪಿಸುವುದು ಸರಿಯಾದ ಕ್ರಮ. ದಿನ ಕಳೆದಷ್ಟೂ ತನಿಖೆ ಕಷ್ಟವಾಗುತ್ತದೆ ನಿಜ, ಆದರೆ ವಾಹನದ ನೋಂದಣಿ ಸಂಖ್ಯೆ ಒಂದು ಸಿಕ್ಕಿತೆಂದರೆ, ಮುಚ್ಚಿಹೋದ ಪ್ರಕರಣವೂ ಮತ್ತೆ ತೆರೆಯುತ್ತದೆ.